ಪರಿವೇಷದ ಗಣಿತವೂ ಗಾಯದ ನೆತ್ತರೂ: ದೃಗ್ವಿಜ್ಞಾನ ಚರಿತ್ರೆಯ ಒಂದು ಅಧ್ಯಾಯ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾನದಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟನ್ನು ನೋಡಿದವರು ಅದರ ಎಡದಂಡೆ, ಬಲದಂಡೆ ನಾಲೆಗಳನ್ನೂ ನೋಡಿರುತ್ತಾರೆ. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡ ಈ ಯೋಜನೆಯಲ್ಲಿ ನಾಲೆಗೆ ಎಷ್ಟು ನೀರು ಹರಿಯುತ್ತಿದೆ ಎಂಬುದು ಎಂಜಿನಿಯರಿಗೂ ಕೊನೆಯ ಭಾಗದ ರೈತನಿಗೂ ಸಮಾನವಾಗಿ ಬೇಕಾದ ಲೆಕ್ಕ. ಆ ಲೆಕ್ಕ ಕಷ್ಟದ್ದಲ್ಲ. ನಾಲೆಯ ಅಗಲವೂ ಆಳವೂ ತಿಳಿದಿದ್ದರೆ, ನೀರಿನ ಮೇಲೆ ತೇಲುವ ಒಂದು ವಸ್ತುವನ್ನು ಬಿಟ್ಟು, ಅದು ಗೊತ್ತಾದ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟುವುದೆಂದು ನೋಡಿ, ಹರಿವನ್ನು ಸ್ಥೂಲವಾಗಿ ಅಳೆಯಬಹುದು. ಆದರೆ ಚರ್ಮದೊಳಗಿನ ನಾಲೆಗಳ ವಿಷಯ ಹಾಗಲ್ಲ. ಅಲ್ಲಿಯ ಲೋಮನಾಳಗಳ ಅಡ್ಡಳತೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಮೀರುವುದು ಅಪೂರ್ವ. ಕೆಂಪು ರಕ್ತಕಣಗಳು ಅವುಗಳಲ್ಲಿ ಒಂದರ ಹಿಂದೊಂದಾಗಿ, ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟೋ ಅದಕ್ಕೂ ಕಡಮೆಯಾಗಿಯೋ ಸಾಗುತ್ತವೆ. ಕತ್ತರಿಸದೆ, ಚುಚ್ಚದೆ, ಮುಟ್ಟದೆ ಈ ಹರಿವನ್ನು ಅರಿಯುವುದು ಹೇಗೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಸುಟ್ಟ ಗಾಯದಿಂದ ನರಳುವವನ ಎದುರಿಗೆ ನಿಂತ ಶಸ್ತ್ರವೈದ್ಯನ ಮುಖ್ಯ ಪ್ರಶ್ನೆಯೇ ಇದು. ಚರ್ಮದ ಮೇಲ್ಪದರ ಮಾತ್ರ ಸುಟ್ಟಿದ್ದರೆ ಗಾಯ ತಾನಾಗಿ ಮಾಯುವುದು. ಇಡಿಯ ಚರ್ಮವೇ ಬೆಂದಿದ್ದರೆ ಬೇರೆಡೆಯ ಚರ್ಮವನ್ನು ತಂದು ಕಸಿ ಮಾಡಲೇಬೇಕು. ಇವೆರಡರ ನಡುವಣ ಗಾಯಗಳೇ ಕಷ್ಟ. ಮೂರು ವಾರಗಳೊಳಗೆ ಮಾಯದ ಗಾಯ ಗಂಟುಗಟ್ಟಿ, ಸೆಳೆತು, ಕೈಯನ್ನೋ ಕುತ್ತಿಗೆಯನ್ನೋ ಅಂಗವಿಕಲಗೊಳಿಸುವ ಭಯವುಂಟು. ತಾನಾಗಿ ಮಾಯಬಹುದಾಗಿದ್ದ ಗಾಯಕ್ಕೆ ಕಸಿ ಮಾಡಿದರೆ ರೋಗಿಗೆ ಇನ್ನೊಂದು ಗಾಯವನ್ನು ವೃಥಾ ಕೊಟ್ಟಂತಾಯಿತು. ಕಣ್ಣಿನಿಂದ ನೋಡಿ ಆಳವನ್ನು ನಿರ್ಣಯಿಸುವಾಗ ನುರಿತವರ ತೀರ್ಮಾನವೂ ಸುಮಾರು ಮೂರರಲ್ಲಿ ಎರಡು ಸಲ ಮಾತ್ರ ಸರಿಯಾಗುವುದೆಂದು ವೈದ್ಯಸಾಹಿತ್ಯದಲ್ಲಿ ಮತ್ತೆ ಮತ್ತೆ ಹೇಳಿದೆ. ಗಾಯದ ತಳದಲ್ಲಿ ನೆತ್ತರು ಹರಿಯುತ್ತಿದ್ದರೆ ಅಲ್ಲಿ ಜೀವವುಂಟು, ಹರಿಯದಿದ್ದರೆ ಇಲ್ಲ. ಆದುದರಿಂದ ಹರಿವನ್ನು ತೋರಿಸುವ ಉಪಾಯವೇ ಆಳವನ್ನು ತೋರಿಸುವ ಉಪಾಯ.

ಈ ಕೆಲಸಕ್ಕೆ ಈಗ ಬಳಕೆಯಲ್ಲಿರುವ ದೃಗ್ಯಂತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ 1960ರಿಂದ, ಎಂದರೆ ಲೇಸರ್ ಹುಟ್ಟಿದ ವರ್ಷದಿಂದ, ಆರಂಭಿಸುವ ವಾಡಿಕೆಯಿದೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧ ಚರಿತ್ರೆ. ಆ ಯಂತ್ರಗಳಲ್ಲಿ ಒಂದು ಮುಖ್ಯ ಬಗೆಯು ನೆಮ್ಮಿರುವ ನಿಯಮವನ್ನು 1943ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಪರೀಕ್ಷಿಸಲಾಗಿತ್ತು. ಆದರೆ ಎಲ್ಲವೂ ನಮ್ಮಲ್ಲೇ ಆಯಿತೆಂದು ಹೇಳುವುದೂ ಅಷ್ಟೇ ತಪ್ಪು. ಯಾರು ಏನನ್ನು ಮಾಡಿದರು, ಏನನ್ನು ಮಾಡಲಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ತೆಳುಮೋಡದ ಮರೆಯಲ್ಲಿ ಚಂದ್ರನ ಸುತ್ತ ಬಣ್ಣದ ಬಳೆಗಳು ಕಾಣುವುದುಂಟು. ಸಣ್ಣ ನೀರಹನಿಗಳ ಅಂಚಿನಲ್ಲಿ ಬೆಳಕು ಬಾಗುವುದರಿಂದ, ಎಂದರೆ ವಿವರ್ತನೆಯಿಂದ, ಈ ಪರಿವೇಷ ಉಂಟಾಗುತ್ತದೆ. ಗಾಜಿನ ತಟ್ಟೆಯ ಮೇಲೆ ಉಸಿರನ್ನೂದಿ, ಅದರ ಮೂಲಕ ಮೇಣದಬತ್ತಿಯ ಜ್ವಾಲೆಯನ್ನು ನೋಡಿದರೂ ಇಂಥದೇ ಬಳೆಗಳು ಕಾಣುತ್ತವೆ. ವಿಯೆನ್ನದ ಕಾರ್ಲ್ ಎಕ್ಸ್ನರ್ 1877ರಲ್ಲಿ ಹೀಗೆ ನೋಡುತ್ತಿದ್ದಾಗ ಬಳೆಗಳು ನುಣುಪಾಗಿಲ್ಲವೆಂಬುದನ್ನು ಗಮನಿಸಿ ಬರೆದನು: ಕೇಂದ್ರದಿಂದ ಹೊರಕ್ಕೆ ಚಿಮ್ಮಿದ ನಾರುಗಳಂತೆ ಅವು ಗೆರೆಗೆರೆಯಾಗಿದ್ದುವು. ಏಕವರ್ಣದ ಬೆಳಕಿನಲ್ಲಿ ಆ ನಾರುಗಳು ಒಡೆದು ಚುಕ್ಕೆಗಳಾಗುತ್ತವೆ. ಕಾರಣ ಸರಳ. ಪ್ರತಿಯೊಂದು ಹನಿಯಿಂದಲೂ ಬರುವ ತರಂಗಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಅಳಿಸಿಕೊಳ್ಳುತ್ತವೆ. ಹೀಗಾಗಿ ಬೆಳಕು ಕತ್ತಲೆಗಳ ಒಂದು ಚುಕ್ಕೆರಾಶಿ ಏಳುತ್ತದೆ. ಬಿಳಿಯ ಬೆಳಕಿನಲ್ಲಿ ಒಂದೊಂದು ಬಣ್ಣವೂ ತನ್ನದೇ ಚುಕ್ಕೆರಾಶಿಯನ್ನು ರಚಿಸುತ್ತದೆ. ತರಂಗಾಂತರ ಹೆಚ್ಚಿದಷ್ಟೂ ರಾಶಿ ಕೇಂದ್ರದಿಂದ ದೂರಕ್ಕೆ ಹಿಗ್ಗುವುದರಿಂದ, ಕೆಂಪಿನ ಚುಕ್ಕೆ ಹಳದಿಯದರ ಹೊರಗೆ, ಹಳದಿಯದು ನೀಲಿಯದರ ಹೊರಗೆ ಸಾಲಾಗಿ ನಿಂತು ನಾರಿನಂತೆ ತೋರುತ್ತವೆ. ಈ ಚುಕ್ಕೆರಾಶಿಗೆ ಇಂಗ್ಲಿಷಿನವರು ಸ್ಪೆಕಲ್ ಎಂಬ ಹೆಸರನ್ನಿಟ್ಟಿದ್ದಾರೆ. ಇದನ್ನು ಇನ್ನು ಮುಂದೆ ಚುಕ್ಕೆಚಿತ್ರವೆಂದು ಕರೆಯುವೆವು.

ಎಕ್ಸ್ನರನ ತರುವಾಯ ಲಾರ್ಡ್ ರ‍್ಯಾಲೆ 1880ರಲ್ಲಿ, ಎತ್ತಲೆತ್ತಲೋ ಹೊರಟ ಅಸಂಖ್ಯ ಕಂಪನಗಳು ಒಟ್ಟುಗೂಡಿದರೆ ಬರುವ ಫಲವೇನೆಂಬ ಶುದ್ಧ ಗಣಿತದ ಪ್ರಶ್ನೆಯನ್ನು ಬಿಡಿಸಿದನು. ಜರ್ಮನಿಯ ಮ್ಯಾಕ್ಸ್ ಫಾನ್ ಲೌ 1914ರ ಸುಮಾರಿಗೆ ಲೈಕೊಪೋಡಿಯಂ ಎಂಬ ಸಸ್ಯದ ನುಣ್ಣನೆಯ ಬೀಜಕಗಳನ್ನು ಗಾಜಿನ ಮೇಲೆ ಉದುರಿಸಿ ಚುಕ್ಕೆಚಿತ್ರದ ಛಾಯಾಚಿತ್ರವನ್ನು ತೆಗೆದನು. ನಮ್ಮ ದೇಶದವರು ಈ ಕಥೆಯನ್ನು ಪ್ರವೇಶಿಸುವುದು 1919ರಲ್ಲಿ.

ಆಗ ಕಲ್ಕತ್ತೆಯಲ್ಲಿ ಪಾಲಿತ್ ಪ್ರಾಧ್ಯಾಪಕರಾಗಿದ್ದ ಸಿ. ವಿ. ರಾಮನ್ ಅವರು ಆ ವರ್ಷ ಫಿಲಸಾಫಿಕಲ್ ಮ್ಯಾಗಸೀನ್ ಪತ್ರಿಕೆಯಲ್ಲಿ ಕಣ್ಣಿನ ಪಾರದರ್ಶಕ ಮಾಧ್ಯಮಗಳೊಳಗೆ ಬೆಳಕು ಚದುರುವುದನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಕತ್ತಲೆಯಲ್ಲಿ ದೂರದ ಪ್ರಖರವಾದ ಚಿಕ್ಕ ದೀಪವೊಂದನ್ನು ನೋಡಿದರೆ ಅದರ ಸುತ್ತ ಗೆರೆಗೆರೆಯಾದ ಒಂದು ಪ್ರಭೆ ಕಾಣುತ್ತದಷ್ಟೆ. ಇದಕ್ಕೆ ಕಾರಣ ಹೊರಗಿನ ಗಾಳಿಯಲ್ಲ, ಕಣ್ಣಿನೊಳಗಿನ ಸೂಕ್ಷ್ಮರಚನೆಗಳೆಂದೂ ಆ ಗೆರೆಗಳು ಪರಿವೇಷದ ನಾರುಗಳ ಜಾತಿಗೆ ಸೇರಿದುವೆಂದೂ ಅವರು ವಿವರಿಸಿದರು. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಗಾಜು, ಪುಡಿ, ಮಂಜುಗಳಲ್ಲಿ ಕಂಡ ಚುಕ್ಕೆಚಿತ್ರವನ್ನು ಜೀವವಿರುವ ಊತಕದ ರಚನೆಗೆ ಸಾಕ್ಷಿಯಾಗಿ ಹಿಡಿದುದು ಇಲ್ಲಿ. ಉಪಕರಣವೂ ಪ್ರಯೋಗವಸ್ತುವೂ ಎರಡೂ ಸ್ವಂತ ಕಣ್ಣೇ! ರಾಮನ್ ಅವರಿಗೆ ಈ ಬಗೆಯ ನೋಟದ ಮೇಲಿನ ಮೋಹ ಕೊನೆಯವರೆಗೂ ಹೋಗಲಿಲ್ಲ. 1960ರ ದಶಕದಲ್ಲಿ ಬೆಂಗಳೂರಿನ ತಮ್ಮ ಸಂಶೋಧನಾಲಯದಲ್ಲಿ ಬಣ್ಣದ ಶೋಧಕಗಳನ್ನು ಕಣ್ಣಿಗೆ ಹಿಡಿದು, ತೆಗೆದು, ಬೆಳಗಿದ ಪರದೆಯ ಮೇಲೆ ತಮ್ಮದೇ ಅಕ್ಷಿಪಟದ ಆಕೃತಿಯನ್ನು ಕಾಣುವ ಉಪಾಯವನ್ನು ಅವರು ಬಳಸಿದರು. ಅದರ ಫಲವಾಗಿ ದೃಷ್ಟಿಯ ಶರೀರಶಾಸ್ತ್ರದ ಮೇಲೆ ಒಂದು ಗ್ರಂಥವೂ 1968ರಲ್ಲಿ ಹೊರಬಂದಿತು. ಬಣ್ಣದ ಅರಿವಿನ ಬಗ್ಗೆ ಅದರಲ್ಲಿ ಅವರು ಮಂಡಿಸಿದ ಸಿದ್ಧಾಂತವನ್ನು ಶರೀರಶಾಸ್ತ್ರಜ್ಞರು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಅದು ಬೇರೆಯ ಮಾತು.

ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನೂ ಅದರ ಪ್ರೊಸೀಡಿಂಗ್ಸ್ ಪತ್ರಿಕೆಯನ್ನೂ ಸ್ಥಾಪಿಸಿದರು. ಎರ್ನಾಕುಲದ ಜಿ. ಎನ್. ರಾಮಚಂದ್ರನ್ ಎಂಬ ತರುಣ 1942ರಲ್ಲಿ ವಿಜ್ಞಾನ ಮಂದಿರವನ್ನು ಸೇರಿದ್ದು ವಿದ್ಯುದ್ವಿಭಾಗದ ವಿದ್ಯಾರ್ಥಿಯಾಗಿ. ರಾಮನ್ ಅವರ ಸೆಳೆತಕ್ಕೆ ಸಿಕ್ಕಿ ಭೌತವಿಜ್ಞಾನಕ್ಕೆ ತಿರುಗಿದರು. ಅಕಾಡೆಮಿಯ ಪತ್ರಿಕೆಯಲ್ಲಿ 1943ರಲ್ಲಿ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲಿ, ಅವರು ಪರಿವೇಷಗಳಲ್ಲಿಯ ಬೆಳಕಿನ ಏರಿಳಿತಗಳನ್ನು ಕುರಿತು ಬರೆದ ಪ್ರಬಂಧವೇ ನಮ್ಮ ಕಥೆಯ ನಡುಗಂಬ.

ಪ್ರಬಂಧದ ಪ್ರಶ್ನೆ ಇಷ್ಟು: ಕ್ರಮವಿಲ್ಲದೆ ಹರಡಿದ ಕಣಗಳಿಂದ ಚದುರಿದ ಬೆಳಕಿನ ಪ್ರಖರತೆ ಸ್ಥಳದಿಂದ ಸ್ಥಳಕ್ಕೆ ಏರಿಳಿಯುವುದು ಯಾವ ನಿಯಮಕ್ಕನುಸಾರವಾಗಿ? ರ‍್ಯಾಲೆಯ ಗಣಿತದಂತೆ, ಅತ್ಯಂತ ಹೆಚ್ಚು ಸಂಭವವಿರುವ ಪ್ರಖರತೆ ಸೊನ್ನೆ. ಬೆಳಕು ಹೆಚ್ಚಿದಂತೆಲ್ಲ ಸಂಭವ ಘಾತಕ್ರಮದಲ್ಲಿ ಇಳಿಯುತ್ತದೆ. ಎಂದರೆ ಚುಕ್ಕೆಚಿತ್ರದಲ್ಲಿ ಕತ್ತಲೆಯ ಬಯಲೇ ಹೆಚ್ಚು, ಮಿನುಗುವ ಚುಕ್ಕೆಗಳು ವಿರಳ. ಈ ನಿಯಮದಿಂದ ಒಂದು ಸ್ವಾರಸ್ಯವಾದ ಫಲ ಹೊರಡುತ್ತದೆ. ಏರಿಳಿತದ ಮಾನಕ ವಿಚಲನೆಯನ್ನು ಸರಾಸರಿ ಪ್ರಖರತೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಸರಿಯಾಗಿ 1. ಕಣಗಳು ಮಂಜಿನವಾಗಲಿ ಪುಡಿಯವಾಗಲಿ, ಬೆಳಕು ಹೆಚ್ಚಿರಲಿ ಕಡಮೆಯಿರಲಿ, ಇದು ಬದಲಾಗದು. ರಾಮಚಂದ್ರನ್ ಈ ನಿಯಮವನ್ನು ಪರಿವೇಷಗಳಿಗೆ ಅನ್ವಯಿಸಿ ಪರೀಕ್ಷಿಸಿದರು. ಆ ಕಾಲಕ್ಕೆ ಲೇಸರ್ ಎಂಬ ಹೆಸರೇ ಹುಟ್ಟಿರಲಿಲ್ಲವೆಂಬುದನ್ನು ಓದುಗರು ನೆನೆಯಬೇಕು.

ಇನ್ನು ಲೇಸರಿನ ಭಾಗವನ್ನು ಬೇಗ ಮುಗಿಸಬಹುದು. ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಮೈಮನ್ 1960ರಲ್ಲಿ ಮಾಣಿಕ್ಯದ ಲೇಸರನ್ನು ಬೆಳಗಿಸಿದನು. ಹೀಲಿಯಂ–ನಿಯಾನ್ ಅನಿಲದಿಂದ 632.8 ನ್ಯಾನೊಮೀಟರಿನ ಕೆಂಪು ಕಿರಣವನ್ನು ಪಡೆದವರಲ್ಲಿ ಒಬ್ಬನಾದ ರಿಗ್ಡೆನ್, ಗಾರ್ಡನನೊಡನೆ ಸೇರಿ 1962ರಲ್ಲಿ, ಈ ಕಿರಣ ಗೋಡೆಯ ಮೇಲೆ ಬಿದ್ದರೆ ಕಾಳುಕಾಳಾಗಿ ಕಾಣುವುದೆಂದು ವರದಿಮಾಡಿದನು. ಹಳೆಯ ಪ್ರಬಂಧಗಳ ನೆನಪು ಆಗ ಬಹುಮಟ್ಟಿಗೆ ಮಾಸಿತ್ತು. ಪಿ. ಹರಿಹರನ್ ಅವರು 1972ರಲ್ಲಿ ಆಪ್ಟಿಕಾ ಆಕ್ಟಾ ಪತ್ರಿಕೆಯಲ್ಲಿ ಚುಕ್ಕೆಚಿತ್ರದ ಹಿಂದಣ ಚರಿತ್ರೆಯನ್ನು ಕುರಿತು ಮೂರೇ ಪುಟಗಳ ಟಿಪ್ಪಣಿಯೊಂದನ್ನು ಬರೆದು, ಎಕ್ಸ್ನರ್, ಲೌ, ರಾಮನ್, ರಾಮಚಂದ್ರನ್ ಇವರ ಕೆಲಸವನ್ನು ಮತ್ತೆ ಬೆಳಕಿಗೆ ತಂದರು. ಈ ಮೂರು ಪುಟಗಳಿಲ್ಲದಿದ್ದರೆ ಪ್ರಕೃತ ಲೇಖನವನ್ನು ಬರೆಯುವುದು ನಮಗೆ ಬಹಳ ಕಷ್ಟವಾಗುತ್ತಿತ್ತು.

ಮೊದಮೊದಲು ಚುಕ್ಕೆಗಳನ್ನು ಎಲ್ಲರೂ ಪೀಡೆಯೆಂದೇ ಭಾವಿಸಿದರು. ಚಿತ್ರದ ಸೂಕ್ಷ್ಮಗಳನ್ನು ಅವು ಮರೆಮಾಡುತ್ತಿದ್ದುವು. ಪೀಡೆಯೇ ಸಾಧನವಾದುದು ಹೀಗೆ. ಲೇಸರಿನ ಬೆಳಕನ್ನು ಕೈಯ ಮೇಲೆ ಬಿಟ್ಟರೆ ಚುಕ್ಕೆಗಳು ಗೋಡೆಯ ಮೇಲಿನಂತೆ ಸ್ಥಿರವಾಗಿ ನಿಲ್ಲದೆ ಕುದಿಯುವಂತೆ ತೋರುತ್ತವೆ. ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರಿಗೂ ಕಡಮೆ ಆಳಕ್ಕಿಳಿದು, ಚಲಿಸುತ್ತಿರುವ ರಕ್ತಕಣಗಳಿಂದ ಚದುರಿ ಹಿಂದಿರುಗುವುದೇ ಇದಕ್ಕೆ ಕಾರಣ. ಚಲಿಸುವ ಕಣದಿಂದ ಹಿಂದಿರುಗಿದ ಬೆಳಕಿನ ಕಂಪನಾಂಕದಲ್ಲಿ ಅತ್ಯಲ್ಪವಾದ ಡಾಪ್ಲರ್ ವ್ಯತ್ಯಾಸವೂ ಇರುತ್ತದೆ. ರೀವ, ರಾಸ್, ಬೆನೆಡೆಕ್ ಎಂಬ ಮೂವರು 1972ರಲ್ಲಿ ಇದನ್ನು ಬಳಸಿ ಅಕ್ಷಿಪಟದ ರಕ್ತನಾಳಗಳಲ್ಲಿಯ ವೇಗವನ್ನು ಅಳೆದರು. ಮೈಕೇಲ್ ಸ್ಟರ್ನ್ 1975ರಲ್ಲಿ ಚರ್ಮದ ರಕ್ತಸಂಚಾರಕ್ಕೆ ಅದನ್ನು ಅನ್ವಯಿಸಿದನು. ಆದರೆ ಇವು ಒಂದು ಸಲಕ್ಕೆ ಒಂದು ಬಿಂದುವಿನ ಅಳತೆಗಳು. ಇಡೀ ಗಾಯದ ಚಿತ್ರ ಬೇಕಾದರೆ ಕಿರಣವನ್ನು ಬಿಂದುವಿನಿಂದ ಬಿಂದುವಿಗೆ ಸರಿಸುತ್ತ ಹೋಗಬೇಕು. ಅಂಥ ಯಂತ್ರಗಳು 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದುವು.

ಒಂದೇ ಸಲಕ್ಕೆ ಇಡೀ ಚಿತ್ರವನ್ನು ಪಡೆಯುವ ಯೋಚನೆ ಫರ್ಶರ್ ಮತ್ತು ಬ್ರೈಯರ್ಸ್ ಅವರದು. ಕ್ಯಾಮೆರದ ಕಂಡಿಯನ್ನು ಸೆಕೆಂಡಿನ ಸಣ್ಣದೊಂದು ಭಾಗದಷ್ಟು ಕಾಲ ತೆರೆದಿಟ್ಟರೆ, ಹರಿವಿಲ್ಲದ ಕಡೆ ಚುಕ್ಕೆಗಳು ಚೂಪಾಗಿ ಮೂಡುತ್ತವೆ. ಹರಿವಿರುವ ಕಡೆ ಅವು ಅಷ್ಟರೊಳಗೆ ಹಲವು ಸಲ ಬದಲಾಗಿ ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ. 1981ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಛಾಯಾಫಲಕವನ್ನು ತೊಳೆದು, ಅದನ್ನು ಮತ್ತೆ ದೃಗ್ಯಂತ್ರದಲ್ಲಿಟ್ಟು ಶೋಧಿಸಬೇಕಾಗಿತ್ತು. ಬ್ರೈಯರ್ಸ್ ಮತ್ತು ವೆಬ್‌ಸ್ಟರ್ 1996ರಲ್ಲಿ ಆ ಕೆಲಸವನ್ನು ಅಂಕೀಯ ಕ್ಯಾಮೆರಕ್ಕೂ ಗಣಕಯಂತ್ರಕ್ಕೂ ಒಪ್ಪಿಸಿದರು. ಗಣಕಯಂತ್ರ ಮಾಡುವುದೇನು? ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ತೆಗೆದುಕೊಂಡು, ಪ್ರತಿ ಚೌಕದಲ್ಲೂ ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸುತ್ತದೆ. ಭಾಗಲಬ್ಧ 1ರ ಹತ್ತಿರವಿದ್ದರೆ ಅಲ್ಲಿ ಎಲ್ಲವೂ ನಿಶ್ಚಲ. ಸೊನ್ನೆಯ ಕಡೆಗೆ ಇಳಿದಷ್ಟೂ ನೆತ್ತರು ರಭಸವಾಗಿ ಹರಿಯುತ್ತಿದೆ.

ರಾಮಚಂದ್ರನ್ ಅವರ ಪ್ರಬಂಧದ 1 ಎಂಬ ಸಂಖ್ಯೆ ಇಲ್ಲಿ ಅಳತೆಗೋಲಿನ ಮೇಲ್ತುದಿಯಾಗಿ ನಿಂತಿದೆ. ಅವರಿಂದ ಬ್ರೈಯರ್ಸನು ಇದನ್ನು ನೇರವಾಗಿ ಪಡೆದನೆಂದು ನಾವು ಹೇಳುವುದಿಲ್ಲ. ಲೇಸರಿನ ತರುವಾಯ ಅಮೆರಿಕದ ಜೋಸೆಫ್ ಗುಡ್‌ಮನ್ ಮೊದಲಾದವರು ಈ ಗಣಿತವನ್ನು ಸ್ವತಂತ್ರವಾಗಿಯೂ ಬಹು ವಿಸ್ತಾರವಾಗಿಯೂ ಬೆಳೆಸಿದ್ದರು. ಇನ್ನೊಂದು ಮುಖ್ಯ ಹೆಜ್ಜೆ, ಎಂದರೆ ತೆರವಿನ ಕಾಲಾವಧಿಯಲ್ಲಿ ಚುಕ್ಕೆಗಳು ಮಸುಕಾಗುವ ಪ್ರಮಾಣವನ್ನು ಹರಿವಿನ ಅಳತೆಯಾಗಿ ಬಳಸುವುದು, 1981ರದೇ ಹೊರತು 1943ರದಲ್ಲ. ನಿಶ್ಚಲ ಕಣಗಳ ನಿಯಮ ಪರಿವೇಷದಿಂದ ಬಂದಿತು. ಚಲಿಸುವ ನೆತ್ತರಿನ ನಿಯಮ ಆಮೇಲೆ ಸೇರಿತು. ಅಷ್ಟನ್ನು ಒಪ್ಪಿದರೆ ಬೆಂಗಳೂರಿನ ಪಾಲು ಎಷ್ಟೋ ಅಷ್ಟು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿನ ಗೌರವವನ್ನು ಕೇಳುವ ಅಗತ್ಯವೂ ಅದಕ್ಕಿಲ್ಲ.

ಮುಂದಿನದು ಆಶ್ಚರ್ಯಕರವಾದ ಒಂದು ಆಕಸ್ಮಿಕ. ದೃಗ್ವಿಜ್ಞಾನವನ್ನು ಬಿಟ್ಟು ಮದರಾಸಿಗೆ ಹೋದ ರಾಮಚಂದ್ರನ್ 1954–55ರಲ್ಲಿ ಗೋಪೀನಾಥ ಕರ್ತರೊಡನೆ ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆಯ ಸುರುಳಿ ರಚನೆಯನ್ನು ಕಂಡುಹಿಡಿದು ಲೋಕವಿಖ್ಯಾತರಾದರು. ಗಾಯ ಮಾಯುವುದೆಂದರೆ ಬಹುಮಟ್ಟಿಗೆ ಕೊಲಾಜನ್ ನೆಯ್ಗೆಯಾಗುವುದೇ. 2012ರಲ್ಲಿ ಮಣಿಪಾಲದ ವಿಜ್ಞಾನಿಗಳು ಇಲಿಗಳ ಗಾಯದ ಮೇಲೆ ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. 325 ನ್ಯಾನೊಮೀಟರಿನ ಅತಿನೇರಿಳೆ ಬೆಳಕನ್ನು ಬೀರಿದರೆ ಊತಕದಲ್ಲಿಯ ಕೊಲಾಜನ್ ತಾನೇ ಹೊಳೆಯುತ್ತದೆ. ಆ ಹೊಳಪು ದಿನದಿಂದ ದಿನಕ್ಕೆ ಹೇಗೆ ಬದಲಾಗುವುದೆಂದು ನೋಡಿ, ಗಾಯ ಎಷ್ಟು ಕೂಡಿತೆಂಬುದನ್ನು ಅವರು ಗುರುತಿಸಿದರು. ಚುಕ್ಕೆಚಿತ್ರ ನೆತ್ತರಿನ ಸುದ್ದಿಯನ್ನು ಹೇಳಿದರೆ ಈ ಹೊಳಪು ನೆಯ್ಗೆಯ ಸುದ್ದಿಯನ್ನು ಹೇಳುತ್ತದೆ. ಎರಡು ಸುದ್ದಿಗಳ ಮೂಲದಲ್ಲೂ ಒಬ್ಬರೇ ಮನುಷ್ಯರ ಎರಡು ಕಾಲದ ಕೆಲಸ ಕಾಣಸಿಗುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ನಮ್ಮ ರಾಜ್ಯದಲ್ಲಿ ಬೆಳಕಿನಿಂದ ರಕ್ತನಾಳಗಳನ್ನು ನೋಡುವ ವಿದ್ಯೆ ಹಳ್ಳಿಯ ಜನಕ್ಕೆ ನಿಜವಾಗಿ ತಲುಪಿದುದು ಮಾತ್ರ ಗಾಯದ ವಿಷಯದಲ್ಲಲ್ಲ, ಕಣ್ಣಿನ ವಿಷಯದಲ್ಲಿ. ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಕುರುಡು ತರುವ ರೋಗವುಂಟು. ಇದನ್ನು ವೇಳೆಗೆ ಸರಿಯಾಗಿ ಕಂಡುಹಿಡಿಯಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ಅವರು 2008ರಲ್ಲಿ ಕಿಡ್ರಾಪ್ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರವನ್ನು ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ದೂರದ ತಜ್ಞನು ಅವನ್ನು ನೋಡುತ್ತಾನೆ. ಈ ಕ್ಯಾಮೆರ ಶಿಶುವಿನ ಕಣ್ಣನ್ನು ಮುಟ್ಟಬೇಕಾಗುವುದಾದರೂ ಚುಚ್ಚುವ ಮಾತಿಲ್ಲ. ಯಂತ್ರ ಊರಿಗೆ ಬರಬೇಕು, ತಜ್ಞ ಬರಬೇಕಾದುದಿಲ್ಲ ಎಂಬ ಈ ಕ್ರಮ ಸುಟ್ಟ ಗಾಯಕ್ಕೂ ಒಗ್ಗುವುದೆಂದು ನಮಗೆ ತೋರುತ್ತದೆ.

ಒಗ್ಗುವುದಕ್ಕೆ ಒಂದು ಕಾರಣ ಆ ಗಾಯದ ಸ್ವಭಾವದಲ್ಲೇ ಇದೆ. ಸುಟ್ಟ ಮೊದಲೆರಡು ದಿನ ಗಾಯದಲ್ಲಿಯ ರಕ್ತಸಂಚಾರ ಸ್ಥಿರವಾಗಿರುವುದಿಲ್ಲ. ಡಾಪ್ಲರ್ ಚಿತ್ರವನ್ನು ಎರಡನೆಯ ದಿನದಿಂದ ಐದನೆಯ ದಿನದೊಳಗೆ ತೆಗೆದರೆ ನಿರ್ಣಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗುವುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆಯೊಂದು 2011ರಲ್ಲಿ ಇದರ ಬಳಕೆಗೆ ಅನುಮೋದನೆಯಿತ್ತುದು ಇಂಥ ಫಲಗಳ ಆಧಾರದ ಮೇಲೆಯೇ. ಲಕ್ಕವಳ್ಳಿಯ ಕಡೆ ಬಚ್ಚಲೊಲೆಯ ಮುಂದೆ ಸೆರಗಿಗೆ ಬೆಂಕಿ ತಗುಲಿಸಿಕೊಂಡ ಹೆಂಗಸೊಬ್ಬಳು ಪ್ರಥಮ ಚಿಕಿತ್ಸೆ ಪಡೆದು ಭದ್ರಾವತಿಯನ್ನೋ ಶಿವಮೊಗ್ಗವನ್ನೋ ಸೇರಲು ಎರಡು ದಿನ ಧಾರಾಳವಾಗಿ ಸಾಕು. ದಾರಿಯಲ್ಲಿ ಕಳೆದ ಹೊತ್ತು ಈ ಪರೀಕ್ಷೆಯ ಮಟ್ಟಿಗೆ ನಷ್ಟವಲ್ಲ.

ತೊಡಕುಗಳು ಬೇರೆ ಕಡೆ ಇವೆ. ಚರ್ಮದ ಕಪ್ಪುವರ್ಣಕ ಬೆಳಕನ್ನು ಹೀರುತ್ತದೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನ ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವುಂಟೆಂಬುದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ ಹೊರಬಿತ್ತು. ಯೂರೋಪಿನವರ ಚರ್ಮದ ಮೇಲೆ ಗೊತ್ತುಮಾಡಿದ ಅಳತೆಗಳನ್ನು ನಮ್ಮವರ ಚರ್ಮಕ್ಕೆ ಹಾಗೆಯೇ ತರುವ ಮುನ್ನ ಇಲ್ಲಿಯ ವೈದ್ಯ ಕಾಲೇಜುಗಳು ತಮ್ಮದೇ ಅಳತೆಗಳನ್ನು ಮಾಡಿಕೊಳ್ಳಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ವಿಷಯವನ್ನು ಸೂಚಿಸುವುದು ಕಷ್ಟ. ರೋಗಿಯ ಉಸಿರಾಟ, ನಡುಕಗಳೂ ಚುಕ್ಕೆಗಳನ್ನು ಮಸುಕುಗೊಳಿಸಿ, ಇಲ್ಲದ ಹರಿವನ್ನು ತೋರಿಸಬಲ್ಲವು. ಗಾಯಕ್ಕೆ ಹಚ್ಚುವ ಬೆಳ್ಳಿಯ ಲವಣದ ಮುಲಾಮನ್ನು ಪೂರ್ತಿ ಒರೆಸಿದ ಮೇಲೆಯೇ ಚಿತ್ರ ತೆಗೆಯಬೇಕು. ನಮ್ಮ ಮನೆಗಳಲ್ಲಿ ಸುಟ್ಟ ಗಾಯಕ್ಕೆ ಬಳಿಯುವ ಶಾಯಿ, ಅರಿಶಿನ, ಹಲ್ಲುಜ್ಜುವ ಪೇಸ್ಟು ಇವುಗಳದು ಇನ್ನೂ ಕಷ್ಟ: ಇವು ಬೆಳಕನ್ನು ಒಳಗಿಳಿಯಗೊಡದೆ ಹೀರುತ್ತವೆ ಅಥವಾ ಮೇಲಿಂದಲೇ ಚದುರಿಸುತ್ತವೆ; ಶಾಯಿಯ ಕಲೆ ಹಸಿ ಗಾಯದಿಂದ ಬೇಗ ಹೋಗುವುದೂ ಇಲ್ಲ. ಇವನ್ನು ಹಚ್ಚಬೇಡಿರೆಂದು ವೈದ್ಯರು ಸೋಂಕಿನ ಭಯದಿಂದ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಬುದ್ಧಿವಾದಕ್ಕೆ ದೃಗ್ವಿಜ್ಞಾನ ಈಗ ಎರಡನೆಯ ಕಾರಣವೊಂದನ್ನು ಒದಗಿಸಿದೆ. ಮೊದಲ ಹತ್ತಿಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರನ್ನು ಬಿಟ್ಟು, ಶುಭ್ರವಾದ ಬಟ್ಟೆ ಹೊದಿಸಿ ಕರೆತಂದ ಗಾಯವೇ ಕ್ಯಾಮೆರಕ್ಕೂ ಎಲ್ಲಕ್ಕಿಂತ ಸುಲಭವಾದುದು.